ಧ್ವನಿಯೂ ಅಕ್ಷರವೂ

ಬಹುಜನರಿಗೆ ಲಾಭವನ್ನು ತರುವ ಕಾರ್ಯವೊಂದು ಕೆಲವರಿಗೆ ನಷ್ಟವನ್ನುಂಟುಮಾಡಿದರೆ, ಆ ನಷ್ಟಕ್ಕೆ ಹೊಣೆ ಯಾರು? ಈಚೆಗೆ ನೋಡಿದ ಚಲಚ್ಚಿತ್ರವೊಂದರಿಂದ ಈ ಹಳೆಯ ಪ್ರಶ್ನೆಯು ಮತ್ತೆ ನನ್ನ ಮನಸ್ಸನ್ನು ಹೊಕ್ಕಿತು.

ಅಮೆರಿಕದ ಟಾಡ್ ಹೇನ್ಸ್ ಎಂಬವರು 2017ರಲ್ಲಿ ಹೊರತಂದ ‘ವಂಡರ್‌ಸ್ಟ್ರಕ್’ ಚಿತ್ರದಲ್ಲಿ ಇಬ್ಬರು ಕಿವುಡ ಮಕ್ಕಳ ಕಥೆಗಳು ಹೆಣೆದುಕೊಂಡಿವೆ. ರೋಸ್ ಎಂಬ ಬಾಲಕಿಯ ಕಥೆಯು 1927ರದು. ಸಿಡಿಲಿನ ಆಘಾತದಿಂದ ಶ್ರವಣವನ್ನು ಕಳೆದುಕೊಂಡ ಬೆನ್ ಎಂಬ ಬಾಲಕನ ಕಥೆಯು 1977ರದು. ಇಬ್ಬರೂ ಮನೆಬಿಟ್ಟು ನ್ಯೂಯಾರ್ಕ್ ನಗರವನ್ನು ಸೇರುತ್ತಾರೆ. ಬಾಲಕಿಯ ಪಾತ್ರವನ್ನು ವಹಿಸಿದ ಮಿಲಿಸೆಂಟ್ ಸಿಮಂಡ್ಸ್ ಸ್ವತಃ ಕಿವುಡರು.

ಮೂಕಚಿತ್ರವೊಂದನ್ನು ನೋಡಿ ಹೊರಬಂದ ರೋಸಳು, ಆ ಚಿತ್ರಮಂದಿರಕ್ಕೆ ಧ್ವನಿಯಂತ್ರಗಳು ಬರಲಿವೆಯೆಂಬ ಪ್ರಕಟಣೆಯನ್ನು ಕಾಣುತ್ತಾಳೆ. ‘ದಿ ಜಾಝ್ ಸಿಂಗರ್’ ಎಂಬ ವಾಕ್ಚಿತ್ರವು ಹೊರಬಂದುದು ಆ ವರ್ಷದ ಅಕ್ಟೋಬರಿನಲ್ಲಿಯೇ. ಅದುವರೆಗೆ ತೆರೆಯ ಮೇಲೆ ಮೂಡುತ್ತಿದ್ದ ಅಕ್ಷರಗಳನ್ನು ಕಿವಿಯುಳ್ಳವರೂ ಇಲ್ಲದವರೂ ಸಮಾನರಾಗಿ ಓದುತ್ತಿದ್ದರು. ಧ್ವನಿಯು ಬಂದಿತು, ಅಕ್ಷರವು ಹೋಯಿತು. ಲೋಕಕ್ಕೆ ಹಬ್ಬವಾದ ಸಂಗತಿಯಿಂದ ಆ ಬಾಲಕಿಯು ಎರಡನೆಯ ಸಲ ಕಿವುಡಿಯಾದಳು.

ಹಾಗಾದರೆ ಧ್ವನಿಯನ್ನು ತಡೆಯಬೇಕಾಗಿತ್ತೆ? ಎಂದು ವಾಚಕರು ಕೇಳಬಹುದು. ಅಲ್ಲ, ಕೇಳಬಲ್ಲವರಿಗೆ ಸಂಗೀತವನ್ನು ನಿರಾಕರಿಸುವುದು ಧರ್ಮವಲ್ಲ. ಆದರೆ ಧ್ವನಿಯು ಬಂದುದರಿಂದ ಅಕ್ಷರವು ಹೋಗಲೇಬೇಕೆಂಬ ನಿಯಮವೇನಿತ್ತು? ಅಕ್ಷರಸಹಿತವಾದ ಚಿತ್ರಗಳನ್ನು ಕಿವುಡರಿಗೆ ಒದಗಿಸುವ ಕಾನೂನು ಅಮೆರಿಕದಲ್ಲಿ ಆದದ್ದು 1958ರಲ್ಲಿ. ನಡುವೆ 31 ವರ್ಷಗಳು ಕಳೆದಿದ್ದವು. ದ್ವೇಷದಿಂದ ಯಾರೂ ಬಾಗಿಲನ್ನು ಮುಚ್ಚಲಿಲ್ಲ. ಒಳಗಿದ್ದ ಬಹುಮಂದಿ ಹೊರಗುಳಿದವರನ್ನು ನೆನೆಯಲಿಲ್ಲ, ಅಷ್ಟೆ. ಮರೆವಿನಿಂದಾದ ಅನ್ಯಾಯವೂ ಅನ್ಯಾಯವೇ. ಲಾಭವನ್ನು ಉಂಡವನಿಗೆ ಋಣವು ಉಂಟು. ತಾನು ಬೇಕೆಂದು ಕೇಡು ಮಾಡಲಿಲ್ಲವೆಂಬ ಮಾತಿನಿಂದ ಅದು ತೀರುವುದಿಲ್ಲ.

ಅನ್ಯದೇಶದವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕಿವಿ ಮಂದವಾದ ಹುಡುಗನೊಬ್ಬನಿದ್ದನು. ಪಾಠವನ್ನು ಬಾಯಿಂದಲೇ ಹೇಳಿ ಮುಗಿಸುತ್ತಿದ್ದೆನು. ಕರಿಹಲಗೆಯ ಮೇಲೆ ನಾಲ್ಕು ಸಾಲು ಬರೆಯುವ ಶ್ರಮವನ್ನು ವಹಿಸಲಿಲ್ಲ. ಅವನು ಮಂದಬುದ್ಧಿಯೆಂದು ತಿಳಿದೆನು. ವರ್ಷದ ಕೊನೆಗೆ ಅವನು ಶಾಲೆಯನ್ನು ಬಿಟ್ಟನು.

ಚಿತ್ರದ ಕೊನೆಯಲ್ಲಿ ವೃದ್ಧೆಯಾದ ರೋಸಳು ತನ್ನ ಜೀವನವೃತ್ತಾಂತವನ್ನು ಬರೆದು ಬೆನ್ನನ ಕೈಗೆ ಕೊಡುತ್ತಾಳೆ, ಅವನು ಓದುತ್ತಾನೆ. ಅಕ್ಷರವೆಂದರೆ ನಾಶವಿಲ್ಲದುದೆಂದು ಪಾಠಶಾಲೆಯಲ್ಲಿ ಕಲಿತೆನು, ಮಕ್ಕಳಿಗೂ ಕಲಿಸಿದೆನು. ಅದನ್ನು ಬರೆದು ತೋರಿಸಬೇಕಾಗಿದ್ದವನಿಗೆ ಮಾತ್ರ ತೋರಿಸಲಿಲ್ಲ.