ಮಗುವಿನ ಪುಸ್ತಕ ತೆರೆದು ನೋಡಿದ್ದೀರಾ?



ಹನ್ನೆರಡು ವರ್ಷದ ಬಾಲಯೇಸು ಮೂರು ದಿನ ಕಾಣದೆ ಹೋದ ಪ್ರಸಂಗವನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ಮಹಾದೇವಾಲಯದಲ್ಲಿ ಮಗ ಸಿಕ್ಕಾಗ ಮರಿಯಮ್ಮನವರು ಊರವರನ್ನು ವಿಚಾರಿಸಲಿಲ್ಲ, ಮಗನನ್ನೇ ಕೇಳಿದರು. ಬಂದ ಉತ್ತರ ತಂದೆತಾಯಿಗೆ ಅರ್ಥವಾಗಲಿಲ್ಲ. ಆದರೂ ತಾಯಿ ಅದನ್ನು ತಳ್ಳಿಹಾಕದೆ ಹೃದಯದಲ್ಲಿ ಇಟ್ಟುಕೊಂಡರು. ಅರ್ಥವಾಗದ್ದನ್ನೆಲ್ಲ ಸೈತಾನನ ಲೆಕ್ಕಕ್ಕೆ ಬರೆಯುವ ಅವಸರ ಆ ತಿರುಕುಟುಂಬದಲ್ಲಿ ಇರಲಿಲ್ಲ.

ಈ ಅವಸರ ಅಮೆರಿಕದಲ್ಲಿ ಒಂದು ಪೀಳಿಗೆಯ ಮಕ್ಕಳನ್ನೇ ಕಾಡಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಸೇರಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟ ರಚಿಸಿದರು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗುತ್ತಾರೆ. ಬೇಕಾದದ್ದು ಕಾಗದ, ಪೆನ್ಸಿಲ್, ದಾಳ. ಒಬ್ಬರನ್ನೊಬ್ಬರು ಸೋಲಿಸುವ ಮಾತಿಲ್ಲ. ಎಲ್ಲರೂ ಕೂಡಿ ಗುಹೆಯಿಂದ ಪಾರಾಗಬೇಕು. ಆದರೆ ನಿಯಮದ ಪುಸ್ತಕದಲ್ಲಿ ಪಿಶಾಚಿಗಳ ಚಿತ್ರಗಳಿದ್ದವು. ಹಿರಿಯರಿಗೆ ಅಷ್ಟೇ ಸಾಕಾಯಿತು.

1979ರಲ್ಲಿ ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯದಿಂದ ಹದಿನಾರರ ಹುಡುಗನೊಬ್ಬ ಕಾಣೆಯಾದ. ಆಟದ ಹುಚ್ಚಿನಲ್ಲಿ ನೆಲದಡಿಯ ಸುರಂಗಗಳಲ್ಲಿ ಕಳೆದುಹೋದ ಎಂದು ಪತ್ರಿಕೆಗಳು ಬರೆದವು. ಹುಡುಗ ಸಿಕ್ಕ ಮೇಲೆ ತಿಳಿದದ್ದು ಬೇರೆಯೇ. ವಯಸ್ಸಿಗೆ ಮೀರಿದ ಓದಿನ ಒತ್ತಡ, ಒಂಟಿತನ, ಖಿನ್ನತೆ ಅವನನ್ನು ಹಿಂಡಿದ್ದವು. ಮರುವರ್ಷ ಅವನು ತನ್ನ ಪ್ರಾಣ ತಾನೇ ಕಳೆದುಕೊಂಡ. 1982ರಲ್ಲಿ ವರ್ಜೀನಿಯಾದಲ್ಲಿ ಮತ್ತೊಬ್ಬ ಹುಡುಗ ಅದೇ ರೀತಿ ತೀರಿಕೊಂಡಾಗ, ಅವನ ತಾಯಿ ಈ ಆಟವೇ ಕಾರಣವೆಂದು ನಂಬಿ ಮುಂದಿನ ವರ್ಷ ಚಳವಳಿ ಕಟ್ಟಿದರು. ಮಗನನ್ನು ಮಣ್ಣು ಮಾಡಿದ ತಾಯಿಯನ್ನು ಹೀಗಳೆಯುವುದು ನಮಗೆ ತರವಲ್ಲ. ಆದರೆ ಅವರ ದುಃಖ ಊರೂರಿಗೆ ಭಯವಾಗಿ ಹರಡಿತು. ಮಕ್ಕಳು ದಾಳಗಳನ್ನು ಮಂಚದಡಿ ಬಚ್ಚಿಟ್ಟರು. ಆಟ ಬಚ್ಚಿಡಲು ಕಲಿತ ಮಗು ತನ್ನ ಅಳುವನ್ನೂ ಬಚ್ಚಿಡುತ್ತದೆ. ನನ್ನನ್ನು ಕೇಳಿದರೆ, ನಾವು ಹೆದರಬೇಕಾದದ್ದು ಇದಕ್ಕೆ.

ಆ ಆಟದವರು ಯಕ್ಷರು, ಕುಳ್ಳರು ಮುಂತಾದ ಎಷ್ಟೋ ಪಾತ್ರಗಳಿಗೆ ಒಬ್ಬ ಕಥೆಗಾರನಿಗೆ ಋಣಿಗಳು. ಅವರೇ ಜೆ. ಆರ್. ಆರ್. ಟೋಲ್ಕಿನ್. ಅವರು ಕಥೋಲಿಕರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದಾಗ ಬಂಧುಗಳು ಹಣದ ನೆರವು ನಿಲ್ಲಿಸಿದರು. 1904ರಲ್ಲಿ ಆಕೆ ಮಧುಮೇಹದಿಂದ ತೀರಿಕೊಂಡರು. ಅನಾಥ ಮಕ್ಕಳಿಬ್ಬರಿಗೂ ಪೋಷಕರಾಗಿ ನಿಂತವರು ಬರ್ಮಿಂಗ್‌ಹ್ಯಾಮಿನ ಫಾದರ್ ಫ್ರಾನ್ಸಿಸ್ ಮಾರ್ಗನ್. 1954-55ರಲ್ಲಿ ಪ್ರಕಟವಾದ 'ದ ಲಾರ್ಡ್ ಆಫ್ ದ ರಿಂಗ್ಸ್' ಕೃತಿಯು ಮೂಲತಃ ಕಥೋಲಿಕವಾದದ್ದೆಂದು ಟೋಲ್ಕಿನ್ ಯೇಸುಸಭೆಯ ಗುರುವೊಬ್ಬರಿಗೆ ಪತ್ರ ಬರೆದಿದ್ದರು. ಕಥೆಯಲ್ಲಿ ಕೇಡಿನ ಉಂಗುರ ನಾಶವಾಗುವ ದಿನ ಮಾರ್ಚ್ 25, ನಮ್ಮ ಮಂಗಳವಾರ್ತೆಯ ಹಬ್ಬ! ಮುಖಪುಟದ ಮಾಂತ್ರಿಕನನ್ನು ಕಂಡೇ ಪುಸ್ತಕ ಕಸಿದುಕೊಂಡವರಿಗೆ ಇದು ತಿಳಿಯುವುದಾದರೂ ಹೇಗೆ?

ಎಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ನಿದ್ದೆಗೆಡಿಸುವ, ದುಡ್ಡು ನುಂಗುವ, ಕ್ರೌರ್ಯವನ್ನು ರುಚಿಯಾಗಿಸುವ ಆಟಗಳಿವೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಲು ಸಂತ ಪೌಲರು ಹೇಳಿದ್ದಾರಲ್ಲವೇ? ಪರೀಕ್ಷಿಸಬೇಕಾದರೆ ಹತ್ತಿರ ಹೋಗಬೇಕು.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂರಿಸಿಕೊಂಡು, ನಿನ್ನ ಕಥೆಯ ಮಾಂತ್ರಿಕ ಈಗ ಎಲ್ಲಿಗೆ ಬಂದ ಎಂದು ಕೇಳಿ. ಅರ್ಧ ಗಂಟೆ ಹೇಳಿಯಾರು. ಮುಕ್ಕಾಲು ಪಾಲು ನಿಮಗೆ ತಲೆಬುಡ ತಿಳಿಯದು. ಪರವಾಗಿಲ್ಲ, ಎದ್ದು ಹೋಗಬೇಡಿ.