ರೇಖೆಗೆ ಒಡೆಯನಾರು?

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಿಲಾಶಾಸನವಿದೆ. ಲಿಪಿಯನ್ನು ಕಲಿತವನು ಅದನ್ನೋದಲು ಯಾರಿಗೂ ಸುಂಕ ತೆರಬೇಕಿಲ್ಲ. ಗಣಕಯಂತ್ರದ ಬರಹಕ್ಕೆ ಈ ಸ್ವಾತಂತ್ರ್ಯ ತಾನಾಗಿ ಒದಗಲಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು, ಒಂದು ಸಂಸ್ಥೆಯ ಕನ್ನಡ ಅಕ್ಷರಗಳಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬಾರದಾಗುತ್ತಿತ್ತು.

ಜಾಲದ ರೇಖಾಚಿತ್ರಗಳಿಗೂ ಇದೇ ಪ್ರಶ್ನೆ ಎದುರಾಯಿತು. 1998ರಲ್ಲಿ ಅಡೋಬಿಯ ಬಳಗ ಒಂದು ಪದ್ಧತಿಯನ್ನೂ ಮೈಕ್ರೋಸಾಫ್ಟ್ ಬಳಗ ಮತ್ತೊಂದನ್ನೂ ಮುಂದಿಟ್ಟುವು. ಕೊನೆಗೆ ಪ್ರತಿಸ್ಪರ್ಧಿಗಳೇ ಕೂಡಿ ಕುಳಿತು, 2001ರಲ್ಲಿ ಎಸ್‌ವಿಜಿ ಎಂಬ ಮುಕ್ತ ಮಾನಕವನ್ನು ರೂಪಿಸಿದರು. ಒಂದೇ ಸಂಸ್ಥೆಯ ಒಡೆತನದಲ್ಲಿದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತಾಗ, ಅದರಲ್ಲಿ ರಚಿತವಾದ ಎಷ್ಟೋ ಚಿತ್ರಗಳು ಕಣ್ಮರೆಯಾದುವು.

ದುಡಿಮೆಗೆ ಪ್ರತಿಫಲ ಪಡೆಯುವುದು ದೋಷವಲ್ಲ. ಪರರ ಬರಹಕ್ಕೆ ಬೀಗವಾಗುವ ಒಡೆತನ ಮಾತ್ರ ಪರಿಗ್ರಹವೇ ಸರಿ. ಹಿರಿಯೂರಾಗಲಿ ಹೊಳಲ್ಕೆರೆಯಾಗಲಿ, ದಾಖಲೆಗಳನ್ನು ಗಣಕಕ್ಕೇರಿಸುವ ಬಸದಿಯ ಸಮಿತಿ ಮೊದಲು ಕೇಳಿಕೊಳ್ಳಬೇಕಾದುದು: ಬೀಗದ ಕೈ ಯಾರಲ್ಲಿದೆ?