ನೂರಕ್ಕೆ ಎಂಟು ಬಂಗಡೆ

ಶಾಲೆ ಕುಮಟೆಯಲ್ಲಿ, ಮನೆ ಹೊನ್ನಾವರದಲ್ಲಿ. ಸಂಜೆ ಬಸ್ಸಿಗೆ ಮೊದಲು ಮೀನುಪೇಟೆಗೆ ಹೋಗುವುದು ನನ್ನ ರೂಢಿ. ಮೊನ್ನೆ ನೂರು ರೂಪಾಯಿಗೆ ಎಂಟು ಬಂಗಡೆ ಎಂದವಳನ್ನು ಚೌಕಾಶಿ ಮಾಡಿ ಹದಿನಾಲ್ಕಕ್ಕೆ ಒಪ್ಪಿಸಿದೆ. ಗೆದ್ದ ಹುರುಪಿನಲ್ಲಿ ಚೀಲ ಒಡ್ಡಿದರೆ ಆಕೆ ಮೀನು ಎಣಿಸುತ್ತ, "ಅಕ್ಕೋರೆ, ಫ್ರಿಜ್ಜು ನಿಮ್ಮನೇಲಿ ಅದೆ, ನನ್ನ ಬುಟ್ಟೀಲಿ ಇಲ್ಲ" ಎಂದಳು. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಹೆಚ್ಚು ತಾಗಿತು.

ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವಳು ನಾನು. ಇಬ್ಬರೂ ಒಪ್ಪಿ ಆದ ವ್ಯಾಪಾರ, ಇದರಲ್ಲಿ ತಪ್ಪೇನು ಎಂದು ಬಸ್ಸಿನಲ್ಲಿ ಸಮಾಧಾನ ಹೇಳಿಕೊಂಡೆ. ಕರ್ಕಿ ದಾಟುವ ಹೊತ್ತಿಗೂ ಸಮಾಧಾನ ಬರಲಿಲ್ಲ.

ಮುಕ್ತ ಮಾರುಕಟ್ಟೆಯ ಪಂಡಿತರದು ಒಂದು ದೊಡ್ಡ ಪರಂಪರೆ. ವಸ್ತುವಿನ ಮೌಲ್ಯ ವಸ್ತುವಿನೊಳಗಿಲ್ಲ, ಬೇಕೆನ್ನುವವರ ಮನಸ್ಸಿನಲ್ಲಿದೆ ಎಂದು ಕಾರ್ಲ್ ಮೆಂಗರ್ ವಿಯೆನ್ನಾದಲ್ಲಿ 1871ರಲ್ಲಿ ಬರೆದ. ಅವನ ಪಂಥದ ಹಾಯೆಕ್ 1945ರಲ್ಲಿ, ಬೆಲೆಯೆಂದರೆ ಒಂದು ಬಗೆಯ ಸುದ್ದಿ ಎಂದ. ನಮ್ಮ ಭಟ್ಕಳ ಮಲ್ಲಿಗೆಯನ್ನೇ ನೋಡಿ. ಎಲ್ಲಿ ಎಷ್ಟು ಮದುವೆಯಿದೆ ಎಂಬುದು ಹೂ ಕಟ್ಟುವವಳಿಗೆ ಗೊತ್ತಿರಬೇಕಿಲ್ಲ. ಇವತ್ತಿನ ದರವೇ ಅದನ್ನು ಹೇಳುತ್ತದೆ.

ಈ ವಿಚಾರವನ್ನು ಹಿಡಿದು ಸರಕಾರದೆದುರು ಒಂಟಿಯಾಗಿ ನಿಂತವರು ನಮ್ಮ ಕರಾವಳಿಯವರೇ ಆದ ಬಿ. ಆರ್. ಶೆಣೈ. ಹುಟ್ಟಿದ್ದು 1905ರಲ್ಲಿ, ಈಗಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕೋತಿನಲ್ಲಿ. ಲಂಡನ್ನಿನಲ್ಲಿ ಓದುವಾಗ ಹಾಯೆಕ್‌ನ ಪ್ರಭಾವಕ್ಕೆ ಒಳಗಾದವರು. ಎರಡನೇ ಪಂಚವಾರ್ಷಿಕ ಯೋಜನೆಗೆ 1955ರಲ್ಲಿ ಅರ್ಥಶಾಸ್ತ್ರಜ್ಞರ ಸಮಿತಿಯ ಉಳಿದವರೆಲ್ಲ ಒಪ್ಪಿಗೆ ಕೊಟ್ಟಾಗ ಇವರೊಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಉಳಿತಾಯವಿಲ್ಲದೆ ನೋಟು ಅಚ್ಚು ಹಾಕಿ ಖರ್ಚು ಮಾಡಿದರೆ ಬೆಲೆ ಏರುತ್ತದೆ, ಪೆಟ್ಟು ಬೀಳುವುದು ಬಡವರಿಗೇ ಎಂಬುದು ಅವರ ವಾದ. ಯೋಜನೆಯಲ್ಲಿ ಇಂಥ ಕೊರತೆ ಹಣಕಾಸಿಗೆಂದೇ 1200 ಕೋಟಿ ರೂಪಾಯಿ ಇಟ್ಟಿದ್ದರು. 1957ರ ಹೊತ್ತಿಗೆ ವಿದೇಶಿ ವಿನಿಮಯದ ಮುಗ್ಗಟ್ಟೂ ಬಂತು.

ಶೆಣೈಯವರ ಮಾತು ನನಗೆ ಪುಸ್ತಕಕ್ಕಿಂತ ಮೊದಲೇ ಅರ್ಥವಾದದ್ದು ರೇಶನ್ ಅಂಗಡಿಯಲ್ಲಿ. ನಾನು ಚಿಕ್ಕವಳಿದ್ದಾಗ ಸಕ್ಕರೆಗೆ, ಚಿಮಣಿ ಎಣ್ಣೆಗೆ ಅಮ್ಮನ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದೆ. ನಮ್ಮ ಸರದಿ ಬಂದಾಗ "ಮುಗೀತು" ಎನ್ನುತ್ತಿದ್ದವನು ಹಿಂಬಾಗಿಲಿನಿಂದ ಊರ ದೊಡ್ಡವರ ಮನೆಗೆ ಚೀಲ ಕಳಿಸುತ್ತಿದ್ದ. ದರ ನಿಗದಿಯಾಗಿತ್ತು, ನಿಜ. ಆದರೆ ಅಮ್ಮ ಹಲ್ಲುಗಿಂಜಬೇಕಾಗಿತ್ತು. ಹಾಗಾಗಿ ಬಂಗಡೆಗೆ ಸರಕಾರ ದರ ಕಟ್ಟಲಿ ಎಂದು ನಾನು ಹೇಳಲಾರೆ. ಒಳ್ಳೆಯ ಮೀನು ಆಗ ಪೇಟೆಗೇ ಬಾರದು.

ಆದರೂ ಆ ಬುಟ್ಟಿ ಕಣ್ಣಿಂದ ಹೋಗುವುದಿಲ್ಲ. ನಾನು ಕೊಳ್ಳದೆ ಹೋದರೆ ನನಗೆ ಸಾರಿಗೆ ಬೇಳೆಯಿದೆ. ಅವಳು ಮಾರದೆ ಹೋದರೆ ರಾತ್ರಿಯೊಳಗೆ ಮೀನು ಕೊಳೆಯುತ್ತದೆ, ಬೆಳಿಗ್ಗೆ ದೋಣಿಯವರಿಗೆ ಕೊಡಲು ದುಡ್ಡಿಲ್ಲ. ಮುಕ್ತ ವ್ಯಾಪಾರದ ಆದಿಗುರು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಇದನ್ನು ಕಂಡಿದ್ದ: ಧಣಿ ಕೂಲಿಯಿಲ್ಲದೆ ಒಂದೆರಡು ವರ್ಷ ಇರಬಲ್ಲ, ಕೂಲಿಯವನಿಗೆ ವಾರ ಕಳೆಯುವುದೂ ಕಷ್ಟ ಎಂದು ಬರೆದ. ಸಂಜೆಯ ದರ ಮೀನಿನ ಸುದ್ದಿಯನ್ನಷ್ಟೇ ಹೇಳುತ್ತಿರಲಿಲ್ಲ, ಅವಳು ಕಾಯಲಾರಳು ಎಂಬುದನ್ನೂ ಹೇಳುತ್ತಿತ್ತು. ನಾನು ಹಿಡಿದು ಜಗ್ಗಿದ್ದು ಅದನ್ನೇ. ಎಂಟರಿಂದ ಹತ್ತಕ್ಕೆ ಇಳಿದದ್ದು ವ್ಯಾಪಾರವಿರಬಹುದು. ಹತ್ತರಿಂದ ಹದಿನಾಲ್ಕು?

ನಿನ್ನೆ ಮತ್ತೆ ಅವಳ ಮುಂದೆಯೇ ನಿಂತೆ. ನೂರಕ್ಕೆ ಹತ್ತು ಎಂದಳು. ನಾಲಿಗೆಯ ಅಭ್ಯಾಸ ನೋಡಿ, ಹನ್ನೆರಡು ಎಂದುಬಿಟ್ಟೆ. ತಕ್ಷಣ ನಾಚಿಕೆಯಾಗಿ, "ಹತ್ತೇ ಹಾಕೆ" ಎಂದೆ. ಅವಳು ನನ್ನ ಮುಖ ನೋಡಿ ನಕ್ಕು ಹನ್ನೊಂದು ಹಾಕಿದಳು.